ಈ ಸಲ ಅಪ್ಪನಿಗೆ ಪಕ್ಕದ ಸೀಟು



ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿದರೆ ಒಂದೇ ಮಾತು. ಬರುವ ಜೂನ್‌ನಲ್ಲಿ ಇಂಗ್ಲೆಂಡಿಗೆ ಹೋಗಬೇಕು, ಅಲ್ಲಿ ಒಂದು ಕಾರು ಬಾಡಿಗೆಗೆ ಹಿಡಿದು ಸಮುದ್ರದ ಕರೆಯ ಊರುಗಳನ್ನೂ ಹಳ್ಳಿಗಾಡನ್ನೂ ನೋಡಬೇಕು. ಯುವಕೂಟದ ಗೆಳೆಯರು "ಹೇಗೆ ಪ್ಲಾನ್ ಮಾಡ್ತಿದ್ದೀರಿ?" ಅಂತ ಕೇಳುತ್ತಲೇ ಇದ್ದಾರೆ. ಇನ್ನೂ ಹೊರಟಿಲ್ಲ, ವೀಸಾ ಕೂಡ ಕೈಗೆ ಬಂದಿಲ್ಲ. ಆದರೂ ಪ್ಲಾನ್ ಮಾಡುವ ಕೆಲಸವೇ ಒಂದು ಅರ್ಧ ಪ್ರವಾಸ ಆಗಿಬಿಟ್ಟಿದೆ. ಅದನ್ನೇ ಬರೆಯುತ್ತಿದ್ದೇವೆ.

ನಾವು ಅಂದರೆ ಅಣ್ಣ ತಂಗಿ ಇಬ್ಬರು. ಅಪ್ಪ ಅಮ್ಮ ಕೊಳ್ಳೇಗಾಲದ ಕಡೆಯವರು. ಮದುವೆಯಾದ ಮೇಲೆ ಕೆಲಸ ಹುಡುಕಿಕೊಂಡು ಬಂದು ದಿಂಡಿಗಲ್ ಜಿಲ್ಲೆಯ ಬತ್ತಲಗುಂಡಿನಲ್ಲಿ ನೆಲೆ ನಿಂತರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹಾಗೆ ಬದುಕುವವರು ನಾವೊಬ್ಬರೇ ಏನಲ್ಲ. ಇಲ್ಲಿಂದ ತೇನಿ ದಾಟಿ ಕಂಬಂ ಕಣಿವೆಗೆ ಇಳಿದರೆ ತಲೆಮಾರುಗಳಿಂದ ಮನೆಮಾತಾಗಿ ಕನ್ನಡವನ್ನೇ ಉಳಿಸಿಕೊಂಡಿರುವ ಒಕ್ಕಲಿಗ ಕುಟುಂಬಗಳು ಇವೆ. ಅವರ ಕನ್ನಡ ನಮ್ಮದಕ್ಕಿಂತ ಬೇರೆ, ಆದರೂ ಅಪ್ಪನಿಗೆ ಅಲ್ಲಿ ಹೋದರೆ ನೆಂಟರ ಮನೆಗೆ ಹೋದ ಹಾಗೆ.

ಅಪ್ಪ ಟ್ಯಾಕ್ಸಿ ಡ್ರೈವರ್. ಬತ್ತಲಗುಂಡು ಅಂದರೆ ಕೊಡೈಕೆನಾಲ್ ಬೆಟ್ಟದ ಬಾಗಿಲು. ಅರವತ್ತು ಚಿಲ್ಲರೆ ಕಿಲೋಮೀಟರ್ ಘಾಟ್ ರೋಡನ್ನು ಅಪ್ಪ ಮೂವತ್ತು ವರ್ಷ ಹತ್ತಿ ಇಳಿದಿದ್ದಾರೆ. ಮಧುಚಂದ್ರಕ್ಕೆ ಬಂದವರು, ಕಾಲೇಜು ಹುಡುಗರು, ಮೊಮ್ಮಕ್ಕಳನ್ನು ಕರೆದುಕೊಂಡು ಬಂದ ಅಜ್ಜ ಅಜ್ಜಿಯರು, ಎಲ್ಲರನ್ನೂ ಕರೆದುಕೊಂಡು ಹೋಗಿದ್ದಾರೆ. ಡ್ರೈವರ್‌ಗಳ ಭಾಷೆಯಲ್ಲಿ ಅವರೆಲ್ಲ 'ಪಾರ್ಟಿ'. ಪಾರ್ಟಿ ಕೋಕರ್ಸ್ ವಾಕ್‌ನಲ್ಲಿ ಅಡ್ಡಾಡುವಾಗ ಅಪ್ಪ ಪಾರ್ಕಿಂಗ್‌ನಲ್ಲಿ ಸೀಟು ಹಿಂದಕ್ಕೆ ಬಾಗಿಸಿ ಒಂದು ನಿದ್ದೆ ತೆಗೆಯುತ್ತಾರೆ. ಇಷ್ಟು ವರ್ಷದಲ್ಲಿ ಕೋಕರ್ಸ್ ವಾಕ್ ಒಳಗೆ ಎಷ್ಟು ಸಲ ಹೋಗಿದ್ದೀರಿ ಅಂತ ಕೇಳಿದರೆ, ಬೆರಳು ಮಡಚಿ "ಎರಡು" ಅನ್ನುತ್ತಾರೆ.

ಅಕ್ಕ ನರ್ಸ್. ನಾಲ್ಕು ವರ್ಷದಿಂದ ಇಂಗ್ಲೆಂಡಿನ ರೀಡಿಂಗ್ ಪಟ್ಟಣದಲ್ಲಿ ಇದ್ದಾಳೆ. ಅಜ್ಜಿ ತೀರಿಕೊಂಡಾಗ ಅವಳಿಗೆ ಬರಲು ಆಗಲಿಲ್ಲ. ಮಣ್ಣು ಹಾಕುವುದನ್ನು ಫೋನಿನಲ್ಲಿ ನೋಡಿದಳು. ಅಂದಿನಿಂದ ಅಮ್ಮನಿಗೆ ಒಂದೇ ಹಂಬಲ: ಅವಳು ಬರಲಿ ಅಂತ ಕಾಯುವ ಬದಲು ನಾವೇ ಹೋಗಿ ಅವಳು ಬದುಕುವ ಜಾಗ ನೋಡಿಬರೋಣ. ಮೂರು ವರ್ಷ ಚೀಟಿ ಕಟ್ಟಿದ್ದು ಅದಕ್ಕೇ. ಒಂದು ಪೌಂಡಿಗೆ ನೂರು ರೂಪಾಯಿಗಿಂತ ಹೆಚ್ಚು. ಹಾಗಾಗಿ ಇದು ಮತ್ತೆ ಮತ್ತೆ ಹೋಗುವ ಪ್ರವಾಸ ಅಲ್ಲ. ಐದು ಜನರ ಆಸೆ, ಹತ್ತು ದಿನದ ರಜೆ, ಒಂದು ಕಾರು.

ಮೊದಲು ನಿಯಮ, ಆಮೇಲೆ ನಕ್ಷೆ

ಮೊದಲ ದಿನವೇ ಅಕ್ಕ ವಿಡಿಯೋ ಕಾಲ್‌ನಲ್ಲಿ ಒಂದು ಮಾತು ಹೇಳಿದಳು. "ಎಲ್ಲಿಗೆ ಬೇಕಾದರೂ ಕರ್ಕೊಂಡು ಹೋಗ್ತೀನಿ. ಆದರೆ ಹತ್ತು ದಿನವೂ ನಿಮ್ಮ ಡ್ರೈವರ್ ಆಗಿಯೇ ಇದ್ದರೆ, ಮಗಳಾಗಿ ಇರೋದು ಯಾವಾಗ?" ಅದನ್ನು ಕೇಳಿ ಮೊದಲು ತಲೆ ಆಡಿಸಿದವರು ಅಪ್ಪ. ಸ್ಟೀರಿಂಗ್ ಹಿಡಿದವನ ಕಣ್ಣಿಗೆ ಬೀಳುವುದು ರಸ್ತೆ ಮಾತ್ರ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಗಾಗಿ ಊರುಗಳ ಹೆಸರು ಬರೆಯುವ ಮೊದಲು ಅಪ್ಪನೇ ನಿಯಮ ಹೇಳಿದರು, ನಾವು ಬರೆದುಕೊಂಡೆವು. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಡ್ರೈವಿಂಗ್ ಇಲ್ಲ. ಉಳಿಯುವ ಊರಿನಲ್ಲಿ ಆದಷ್ಟು ಎರಡು ರಾತ್ರಿ. ಒಂದು ದಿನಕ್ಕೆ ಎರಡು ಜಾಗ, ಮೂರನೆಯದು ದಾರಿಯಲ್ಲಿ ಸಿಕ್ಕರೆ ಸರಿ. ಊಟದ ಹೊತ್ತಿಗೆ ಗಾಡಿ ನಿಂತಿರಬೇಕು. "ಒಂದೇ ದಿನದಲ್ಲಿ ಹನ್ನೆರಡು ಪಾಯಿಂಟ್ ನೋಡಿದ ಪಾರ್ಟಿ ಇಳಿಯುವಾಗ ಜಗಳ ಆಡ್ಕೊಂಡೇ ಇಳಿಯೋದು" ಅನ್ನುವುದು ಅವರ ಮೂವತ್ತು ವರ್ಷದ ಅನುಭವ.

ಈ ನಿಯಮಗಳ ಮುಂದೆ ನಮ್ಮ ಪಟ್ಟಿ ಕರಗತೊಡಗಿತು. ನಮ್ಮಲ್ಲಿ ಒಬ್ಬರಿಗೆ ಉತ್ತರದ ಲಿಂಡಿಸ್‌ಫಾರ್ನ್ ದ್ವೀಪ ನೋಡುವ ಆಸೆ. ಕ್ರಿ.ಶ. 635ರಲ್ಲಿ ಸಂತ ಐಡನ್ ಮಠ ಕಟ್ಟಿದ ಜಾಗ ಅದು. ಇನ್ನೊಬ್ಬರಿಗೆ ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟ ಮತ್ತು ಸರೋವರ. ಎರಡೂ ರೀಡಿಂಗ್‌ನಿಂದ ಬಹಳ ದೂರ, ಬರೀ ಹೋಗಿಬರುವುದಕ್ಕೇ ಎರಡು ಮೂರು ದಿನ ಬೇಕು. ಎರಡಕ್ಕೂ ಅಡ್ಡಗೆರೆ ಬಿತ್ತು. ಬೇಸರ ಆಗಲಿಲ್ಲ ಅಂದರೆ ಸುಳ್ಳು. ಆದರೆ ಇಬ್ಬರ ಆಸೆಯೂ ಒಟ್ಟಿಗೆ ಹೋದದ್ದರಿಂದ ಜಗಳಕ್ಕೆ ಕಾರಣ ಉಳಿಯಲಿಲ್ಲ!

ಅಪ್ಪನ ಒಂದೇ ಬೇಡಿಕೆ

ನಿಮಗೇನು ನೋಡಬೇಕು ಅಂತ ಅಪ್ಪನನ್ನು ಕೇಳಿದೆವು. ಲಂಡನ್ ಸೇತುವೆ, ಅರಮನೆ ಅಂತೆಲ್ಲ ಹೇಳುತ್ತಾರೆ ಅಂದುಕೊಂಡಿದ್ದೆವು. ಅವರು ಹೇಳಿದ್ದು ಒಂದೇ: "ಪೆನ್ನಿಕ್ವಿಕ್ ದೊರೆಯ ಸಮಾಧಿ."

ಕರ್ನಾಟಕದಲ್ಲಿರುವ ಓದುಗರಿಗೆ ಈ ಹೆಸರು ಹೊಸದು ಇರಬಹುದು. ಕಂಬಂ ಕಣಿವೆಯಲ್ಲಿ ಈ ಹೆಸರು ಗೊತ್ತಿಲ್ಲದ ಮಗು ಇಲ್ಲ. ಹೋಟೆಲ್ ಗೋಡೆಯ ಮೇಲೆ, ಮನೆಯ ನಡುಮನೆಯಲ್ಲಿ, ಅಂಗಡಿ ಬೋರ್ಡಿನಲ್ಲಿ ಮೀಸೆ ಹೊತ್ತ ಒಬ್ಬ ಇಂಗ್ಲಿಷ್ ಎಂಜಿನಿಯರ್‌ನ ಚಿತ್ರ ಇರುತ್ತದೆ. ಕರ್ನಲ್ ಜಾನ್ ಪೆನ್ನಿಕ್ವಿಕ್ ಹುಟ್ಟಿದ್ದು 1841ರ ಜನವರಿ 15ರಂದು, ಪುಣೆಯಲ್ಲಿ. ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಗೆ ಕಾಡಿನ ನಡುವೆ ಅಣೆಕಟ್ಟು ಕಟ್ಟಿ, ಬೆಟ್ಟ ಕೊರೆದು ಸುರಂಗ ಮಾಡಿ, ಆ ನೀರನ್ನು ಪೂರ್ವಕ್ಕೆ ತಿರುಗಿಸಿದ ಕೆಲಸದ ಮುಂದಾಳು ಅವರು. 1887ರಲ್ಲಿ ಶುರುವಾದ ಕೆಲಸ ಮುಗಿದು ಅಣೆಕಟ್ಟು ಉದ್ಘಾಟನೆಯಾದದ್ದು 1895ರ ಅಕ್ಟೋಬರ್‌ನಲ್ಲಿ. ಮುಲ್ಲಪೆರಿಯಾರ್ ಅಂತ ಇವತ್ತು ಸುದ್ದಿಯಲ್ಲಿ ಬರುವುದು ಅದೇ ಅಣೆಕಟ್ಟು.

ಆ ನೀರು ಬೆಟ್ಟ ಇಳಿದು ಲೋವರ್ ಕ್ಯಾಂಪ್ ಹತ್ತಿರ ಕಣಿವೆಗೆ ಬರುತ್ತದೆ. ಕಂಬಂ ಕಣಿವೆಯ ಗದ್ದೆಗಳನ್ನು ದಾಟಿ ವೈಗೈ ಸೇರುತ್ತದೆ. ಅಲ್ಲಿಂದ ನಮ್ಮ ನಿಲಕ್ಕೋಟೈ ತಾಲೂಕಿನ ಪೇರಣೈಯಲ್ಲಿ ಕಾಲುವೆಗೆ ತಿರುಗಿ ಮಧುರೆಯ ಕಡೆ ಹೋಗುತ್ತದೆ. ಲೋವರ್ ಕ್ಯಾಂಪಿನಲ್ಲಿ 2013ರ ಜನವರಿಯಲ್ಲಿ ಅವರ ಸ್ಮಾರಕ ಮಂಟಪ ತೆರೆಯಿತು. ಅವರ ಹುಟ್ಟುಹಬ್ಬ ಪೊಂಗಲ್ ದಿನಗಳಲ್ಲೇ ಬರುವುದರಿಂದ ರೈತರು ಅಲ್ಲಿ ಪೊಂಗಲ್ ಇಡುತ್ತಾರೆ. ತೇಕ್ಕಡಿಗೆ ಪಾರ್ಟಿ ಕರೆದುಕೊಂಡು ಹೋಗುವಾಗಲೆಲ್ಲ ಅಪ್ಪ ಅಲ್ಲಿ ಗಾಡಿ ನಿಲ್ಲಿಸಿ ಈ ಕಥೆ ಹೇಳುತ್ತಾರೆ.

ಪೆನ್ನಿಕ್ವಿಕ್ ತೀರಿಕೊಂಡದ್ದು 1911ರಲ್ಲಿ, ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಕ್ಯಾಂಬರ್ಲಿಯಲ್ಲಿ. ಪಕ್ಕದ ಫ್ರಿಮ್ಲಿ ಊರಿನ ಸೇಂಟ್ ಪೀಟರ್ಸ್ ಚರ್ಚಿನ ಅಂಗಳದಲ್ಲಿ ಅವರ ಸಮಾಧಿ ಇದೆ. 2022ರಲ್ಲಿ ತಮಿಳುನಾಡು ಸರ್ಕಾರ ಕ್ಯಾಂಬರ್ಲಿಯಲ್ಲಿ ಅವರ ಪ್ರತಿಮೆಯನ್ನೂ ಇಡಿಸಿತು. ನಕ್ಷೆಯಲ್ಲಿ ನೋಡಿದರೆ ಅಕ್ಕನ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ಚಿಲ್ಲರೆ ದಾರಿ. ಅಕ್ಕನಿಗೆ ಆಶ್ಚರ್ಯ: "ನಾಲ್ಕು ವರ್ಷದಿಂದ ಇಷ್ಟು ಹತ್ತಿರ ಇದ್ದೀನಾ!"

ಅಲ್ಲಿಗೆ ಏನು ತೆಗೆದುಕೊಂಡು ಹೋಗುವುದು ಅನ್ನುವುದೇ ದೊಡ್ಡ ಚರ್ಚೆ. ಅಪ್ಪನಿಗೆ ಕಂಬಂ ಗದ್ದೆಯ ಒಂದು ಹಿಡಿ ಮಣ್ಣು ಒಯ್ಯುವ ಮನಸ್ಸು. ನಮ್ಮ ದೇಶದ ಮಣ್ಣು ಅಲ್ಲಿಗೆ ತರುವಂತಿಲ್ಲ ಅಂತ ನಿಯಮ ಓದಿ ಹೇಳಿದೆವು. ನಿಲಕ್ಕೋಟೈ ಮಲ್ಲಿಗೆ ಹೋಗುವಷ್ಟರಲ್ಲಿ ಬಾಡುತ್ತದೆ. ಕೊನೆಗೆ ಅಮ್ಮ ಹೇಳಿದರು, "ನೀರು ತಂದುಕೊಟ್ಟವರಿಗೆ ಒಂದು ಬಾಟ್ಲಿ ನೀರೇ ತಗೊಂಡು ಹೋಗೋಣ. ಹೂವು ಅಲ್ಲೇ ಕೊಂಡ್ಕೊಳ್ಳೋಣ." ಅಪ್ಪ ಅದಕ್ಕೆ ಒಂದು ಮಾತು ಸೇರಿಸಿದರು. ಅಣೆಕಟ್ಟು ಕಟ್ಟುವಾಗ ಮಲೇರಿಯಾ ಬಂದು, ಕಾಡಿನಲ್ಲಿ, ಪ್ರವಾಹದಲ್ಲಿ ಸತ್ತ ಕೂಲಿಗಳು ಎಷ್ಟೋ ಜನ. ಅವರಿಗೆ ಹೆಸರು ಬರೆದ ಕಲ್ಲು ಇಲ್ಲ. "ಅಲ್ಲಿ ಪ್ರಾರ್ಥನೆ ಮಾಡುವಾಗ ಅವರನ್ನೂ ಸೇರಿಸಿ ಮಾಡಬೇಕು" ಅಂದರು. ಅದೂ ನಮ್ಮ ಪಟ್ಟಿಯಲ್ಲಿ ಸೇರಿದೆ.

ದಾರಿ ಹೀಗೆ

ಮೊದಲ ಮೂರು ದಿನ ರೀಡಿಂಗ್‌ನಲ್ಲೇ, ಕಾರು ಇಲ್ಲದೆ. ಇದು ಅಮ್ಮನ ಪಾಲು. ಅಕ್ಕ ತರಕಾರಿ ಕೊಳ್ಳುವ ಅಂಗಡಿ, ರಾತ್ರಿ ಪಾಳಿ ಮುಗಿಸಿ ಬಸ್ ಹತ್ತುವ ನಿಲ್ದಾಣ, ಅವಳ ಜೊತೆ ಮನೆ ಹಂಚಿಕೊಂಡಿರುವ ಹುಡುಗಿಯರು, ಇವೇ ಅಮ್ಮನಿಗೆ ನೋಡಬೇಕಾದ 'ಪಾಯಿಂಟ್'ಗಳು. ಭಾನುವಾರದ ಬಲಿಪೂಜೆಗೆ ಸೇಂಟ್ ಜೇಮ್ಸ್ ದೇವಾಲಯ. ಅದರ ಪಕ್ಕದಲ್ಲೇ 1121ರಲ್ಲಿ ಒಂದನೇ ಹೆನ್ರಿ ರಾಜ ಕಟ್ಟಿಸಿದ ಮಠದ ಪಾಳುಗೋಡೆಗಳಿವೆ.

ನಾಲ್ಕನೇ ದಿನ ಕಾರು ಹಿಡಿದು ಮೊದಲು ಫ್ರಿಮ್ಲಿ, ಅಲ್ಲಿಂದ ಸಾಲಿಸ್‌ಬರಿ. ಅಲ್ಲಿನ ಪ್ರಧಾನಾಲಯದ ಗೋಪುರ 123 ಮೀಟರ್ ಎತ್ತರ, ಇಂಗ್ಲೆಂಡಿನಲ್ಲೇ ಎಲ್ಲಕ್ಕಿಂತ ಎತ್ತರದ ಚರ್ಚ್ ಗೋಪುರ. 1215ರ ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಮೂಲಪ್ರತಿಗಳಲ್ಲಿ ಒಂದು ಅಲ್ಲಿದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಇಸವಿಯನ್ನು ಕಣ್ಣಾರೆ ನೋಡುವ ಅವಕಾಶ.

ಆಮೇಲೆ ಸಮುದ್ರ. ದಕ್ಷಿಣದ ಜುರಾಸಿಕ್ ಕೋಸ್ಟ್ ಸುಮಾರು 95 ಮೈಲಿ ಉದ್ದದ ಕಡಲ ಕರೆ, 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಡರ್ಡಲ್ ಡೋರ್ ಎಂಬ ಕಲ್ಲಿನ ಕಮಾನು ನೋಡಿಕೊಂಡು ಲೈಮ್ ರೀಜಿಸ್ ಎಂಬ ಚಿಕ್ಕ ಊರಿನಲ್ಲಿ ಎರಡು ರಾತ್ರಿ. ಈ ಊರನ್ನು ನಾವಿಬ್ಬರೂ ಹಟ ಹಿಡಿದು ಉಳಿಸಿಕೊಂಡೆವು. 1799ರಲ್ಲಿ ಅಲ್ಲಿ ಒಬ್ಬ ಬಡಗಿಯ ಮಗಳಾಗಿ ಹುಟ್ಟಿದ ಮೇರಿ ಆ್ಯನಿಂಗ್, ಕುಸಿದು ಬೀಳುವ ಬಂಡೆಗಳ ಕೆಳಗೆ ಪಳೆಯುಳಿಕೆ ಹುಡುಕಿ ಮಾರಿ ಮನೆ ನಡೆಸಿದವಳು. 1811ರಲ್ಲಿ ಅವಳ ಅಣ್ಣನ ಕಣ್ಣಿಗೆ ಒಂದು ದೊಡ್ಡ ತಲೆಬುರುಡೆ ಬಿತ್ತು. ಉಳಿದ ಮೈಮೂಳೆಗಳನ್ನು ಮೇರಿ ಹುಡುಕಿದಳು. ಅದು ಇಕ್ತಿಯೋಸಾರ್ ಎಂಬ ಕಡಲ ಪ್ರಾಣಿ. ಆಗ ಅವಳಿಗೆ ಹನ್ನೆರಡು ಹದಿಮೂರು ವಯಸ್ಸು. ಹೆಣ್ಣು ಅನ್ನುವ ಕಾರಣಕ್ಕೆ ಲಂಡನ್ನಿನ ಭೂವಿಜ್ಞಾನ ಸಂಘ ಅವಳನ್ನು ಒಳಗೆ ಸೇರಿಸಲಿಲ್ಲ. ಅಣ್ಣ ತಂಗಿ ಇಬ್ಬರಿಗೂ ಇಷ್ಟವಾಗುವ ಕಥೆ ಇದು. ಯಾರು ಮೊದಲು ಕಂಡರು ಅಂತ ವಾದ ಮಾಡಬಹುದು.

ಅಲ್ಲಿಂದ ಪಶ್ಚಿಮದ ತುದಿ, ಕಾರ್ನ್‌ವಾಲ್. ಮರಾಜಿಯನ್ ಎಂಬ ಊರಿನ ಎದುರು ನೀರಿನಲ್ಲಿ ಸೇಂಟ್ ಮೈಕಲ್ಸ್ ಮೌಂಟ್ ಇದೆ. ಮಿಕಾಯೇಲ ದೇವದೂತನ ಹೆಸರಿನ ಗುಡ್ಡ, ಹಿಂದೆ ಬೆನೆಡಿಕ್ಟ್ ಸಭೆಯ ಸನ್ಯಾಸಿಗಳಿದ್ದ ಜಾಗ. ಇಳಿತದ ಹೊತ್ತಿನಲ್ಲಿ ಕಲ್ಲುಹಾಸಿನ ದಾರಿಯಲ್ಲಿ ನಡೆದು ಹೋಗಬಹುದು, ಭರತ ಬಂದರೆ ದಾರಿ ಮುಳುಗುತ್ತದೆ, ಆಗ ದೋಣಿಯೇ ಗತಿ. ದಾರಿ ತೆರೆಯುವ ಸಮಯ ದಿನದಿನಕ್ಕೂ ಬೇರೆ, ಹೋಗುವ ಮೊದಲೇ ನೋಡಿಕೊಳ್ಳಬೇಕು. ಅಪ್ಪ ಇದನ್ನು ಕೇಳಿ ನಕ್ಕರು. "ನಮ್ಮ ಕೊಡೈಗೆ ಇ-ಪಾಸ್ ಇದ್ದ ಹಾಗೆ, ಇಲ್ಲಿ ಪಾಸ್ ಕೊಡೋದು ಸಮುದ್ರ!" 2024ರ ಮೇ ತಿಂಗಳಿಂದ ಕೊಡೈಗೆ ಇ-ಪಾಸ್ ಬಂದ ಮೇಲೆ ಅದನ್ನು ಫೋನಿನಲ್ಲಿ ತೆಗೆಯುವುದೇ ಅವರಿಗೆ ಒಂದು ಹೊಸ ಕೆಲಸ.

ಇಲ್ಲಿ ಒಂದು ಮಾತು. ಈ ಗುಡ್ಡವನ್ನೂ ಇಂಗ್ಲೆಂಡಿನ ಎಷ್ಟೋ ಕಡಲ ಕರೆ, ಹೊಲ, ಹಳೆಯ ಮನೆಗಳನ್ನೂ ನೋಡಿಕೊಳ್ಳುವುದು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ. ಅದನ್ನು ಕಟ್ಟಿದ ಮೂವರು ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್ ಮತ್ತು ಹಾರ್ಡ್‌ವಿಕ್ ರಾನ್ಸ್‌ಲಿ. ರಾನ್ಸ್‌ಲಿ ಒಬ್ಬ ಪಾದ್ರಿ. ಅದು ಶುರುವಾದದ್ದು 1895ರಲ್ಲಿ, ನಮ್ಮ ಕಣಿವೆಗೆ ನೀರು ಬಂದ ಅದೇ ವರ್ಷ.

ಕಾರ್ನ್‌ವಾಲ್‌ನಿಂದ ಒಂದೇ ಓಟಕ್ಕೆ ರೀಡಿಂಗ್ ತಲುಪಿದರೆ ನಾಲ್ಕು ಗಂಟೆಯ ನಿಯಮ ಮುರಿಯುತ್ತದೆ. ಅದಕ್ಕೆ ನಡುವೆ ವೆಲ್ಸ್ ಎಂಬ ಪುಟ್ಟ ಊರಿನಲ್ಲಿ ಒಂದು ರಾತ್ರಿ. ಅಲ್ಲಿನ ಪ್ರಧಾನಾಲಯದ ಗಡಿಯಾರ ತುಂಬಾ ಹಳೆಯದು. ಅಮ್ಮನಿಗೆ ಗಡಿಯಾರ, ನಮಗೆ ನಿದ್ದೆ.

ಅಲ್ಲಿನ ರಸ್ತೆ, ಇಲ್ಲಿನ ಅಭ್ಯಾಸ

ಕಾರು ಬಾಡಿಗೆಗೆ ಹಿಡಿಯುವ ಆಲೋಚನೆ ಇರುವವರಿಗೆ ನಾವು ತಿಳಿದುಕೊಂಡದ್ದು ಇಷ್ಟು. ನಮ್ಮ ಹಾಗೇ ಅಲ್ಲೂ ಎಡಗಡೆ ಓಡಿಸುವುದು, ಸ್ಟೀರಿಂಗ್ ಬಲಕ್ಕೆ. ನಮ್ಮ ಲೈಸೆನ್ಸ್‌ನಲ್ಲಿ ಹನ್ನೆರಡು ತಿಂಗಳವರೆಗೆ ಕಾರು ಓಡಿಸಬಹುದು. ಇಪ್ಪತ್ತೈದು ತುಂಬದವರಿಗೆ ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ಹೆಚ್ಚು ಹಣ ಕೇಳುತ್ತವೆ, ಹಾಗಾಗಿ ನಾವಿಬ್ಬರೂ ಹಿಂದಿನ ಸೀಟು. ಬೋರ್ಡಿನಲ್ಲಿ ಇರುವುದು ಕಿಲೋಮೀಟರ್ ಅಲ್ಲ, ಮೈಲಿ. ಊರೊಳಗೆ 30 ಅಂದರೆ ನಮ್ಮ ಲೆಕ್ಕದಲ್ಲಿ 48, ಮೋಟಾರ್‌ವೇಯಲ್ಲಿ 70 ಅಂದರೆ 112. ವೃತ್ತಗಳಲ್ಲಿ ಬಲದಿಂದ ಬರುವ ಗಾಡಿಗೆ ಮೊದಲು ದಾರಿ. ಪೆಟ್ರೋಲ್ ನಾವೇ ಹಾಕಿಕೊಳ್ಳಬೇಕು. ದೊಡ್ಡ ಸೂಟ್‌ಕೇಸುಗಳನ್ನು ಅಕ್ಕನ ಮನೆಯಲ್ಲೇ ಬಿಟ್ಟು ತಲೆಗೊಂದು ಚಿಕ್ಕ ಬ್ಯಾಗ್ ಮಾತ್ರ, ಐದು ಜನ ಕೂತ ಕಾರಿನ ಡಿಕ್ಕಿಯಲ್ಲಿ ಅಷ್ಟೇ ಹಿಡಿಸುವುದು. ತುಪ್ಪ, ಮಾಂಸದ ಉಪ್ಪಿನಕಾಯಿ ಒಯ್ಯುವಂತಿಲ್ಲ. ಇದನ್ನು ಅಮ್ಮನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು.

ಡೆವನ್, ಕಾರ್ನ್‌ವಾಲ್ ಕಡೆಯ ಹಳ್ಳಿ ರಸ್ತೆಗಳು ಒಂದೇ ಕಾರಿನ ಅಗಲ, ಎರಡೂ ಕಡೆ ಎತ್ತರದ ಬೇಲಿ. ಎದುರು ಗಾಡಿ ಬಂದರೆ ಒಬ್ಬರು ರಿವರ್ಸ್ ಹೋಗಿ ಅಗಲ ಇರುವ ಕಡೆ ನಿಲ್ಲಬೇಕು. ದಾರಿ ಬಿಟ್ಟವರಿಗೆ ಇನ್ನೊಬ್ಬರು ಕೈ ಎತ್ತಿ ವಂದನೆ ಹೇಳುತ್ತಾರೆ. ಅಕ್ಕನಿಗೆ ಇದೇ ಭಯ. ಅಪ್ಪನಿಗೆ ಇದೇ ಖುಷಿ. ಫೋನಿನಲ್ಲಿ ಗಂಟೆಗಟ್ಟಲೆ ಪಾಠ ನಡೆಯುತ್ತಿದೆ. "ತಿರುವಿಗೆ ಮುಂಚೆ ಜಾಗ ನೋಡಿಟ್ಕೋ ಮಗಾ. ಎದುರಿನವನು ಬಂದ ಮೇಲೆ ಹುಡುಕಬೇಡ." ಘಾಟ್‌ನಲ್ಲಿ ಹಾರನ್ ಹೊಡೆಯದೆ ತಿರುವು ದಾಟಬಾರದು ಅನ್ನುವ ಅಪ್ಪನಿಗೆ, ಅಲ್ಲಿ ಹಾರನ್ ಹೊಡೆದರೆ ಬೈದ ಹಾಗೆ ಅಂತ ಅಕ್ಕ ಹೇಳಿಕೊಡುತ್ತಾಳೆ. ಇಲ್ಲಿ ಲೈಟ್ ಮಿಣುಕಿಸಿದರೆ 'ನಾನು ಬರ್ತಿದ್ದೀನಿ, ನಿಲ್ಲು'. ಅಲ್ಲಿ ಬಹುತೇಕ ಚಾಲಕರಿಗೆ ಅದು 'ನೀವು ಮೊದಲು ಹೋಗಿ'. ಇದನ್ನು ಕೇಳಿದ ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಒಳ್ಳೆ ಭಾಷೆ" ಅಂದರು.

ಯಾರು ಓಡಿಸುವುದು?

ಮನೆಯಲ್ಲಿ ಬಾಯಿಬಿಟ್ಟು ಯಾರೂ ಕೇಳದ ಪ್ರಶ್ನೆ ಇದೊಂದೇ ಇತ್ತು. ಅಪ್ಪನಿಗೆ ಅರವತ್ತಾರು. ಸಕ್ಕರೆ ಕಾಯಿಲೆ ಇದೆ, ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ. ಇನ್ನೊಬ್ಬ ಚಾಲಕನ ಹೆಸರು ಸೇರಿಸಿದರೆ ಬಾಡಿಗೆ ಹೆಚ್ಚು. ಬೇಡ ಅಂದರೆ ಮನಸ್ಸಿಗೆ ನೋವಾಗುತ್ತದೆ, ಸರಿ ಅಂದರೆ ನಮಗೆ ಹೆದರಿಕೆ. ಅಮ್ಮ ಪಾತ್ರೆ ತೊಳೆಯುತ್ತಾ ಗೋಡೆಗೆ ಹೇಳಿದ ಹಾಗೆ, "ಮೂವತ್ತು ವರ್ಷ ಓಡಿಸಿದ್ದು ಸಾಲದಾ?" ಅಂದರು.

ಅಲ್ಲಿ ಗಾಡಿ ಓಡಿಸುವವರು ಇಪ್ಪತ್ತು ಮೀಟರ್ ದೂರದಿಂದ ನಂಬರ್ ಪ್ಲೇಟ್ ಓದಬಲ್ಲವರಾಗಿರಬೇಕು ಅಂತ ನಿಯಮ. ಅಕ್ಕ ಇದನ್ನು ಮಾತಿನ ನಡುವೆ ಹೇಳಿದ್ದಳು, ಅಷ್ಟೆ. ಮರುದಿನ ಸಂಜೆ ಅಪ್ಪ ಬೀದಿಯಲ್ಲಿ ಹೆಜ್ಜೆ ಎಣಿಸುತ್ತಿದ್ದರು. ತೆಂಗಿನಕಾಯಿ ತುಂಬಿದ ಒಂದು ಲಾರಿ ಎದುರುಮನೆಯ ಮುಂದೆ ನಿಂತಿತ್ತು. ಇಪ್ಪತ್ತು ಮೀಟರ್ ಹಿಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, ಅದರ ನಂಬರನ್ನು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದರು. ಒಂದೂ ತಪ್ಪಲಿಲ್ಲ. ನಾವಿಬ್ಬರೂ ಜಗಲಿಯಲ್ಲಿ ಕೂತು ನೋಡುತ್ತಿದ್ದೆವು.

ಒಳಗೆ ಬಂದು ನೀರು ಕುಡಿದು ಹೇಳಿದರು: "ಓದೋಕೆ ಆಗುತ್ತೆ. ಆದರೂ ಅವಳೇ ಓಡಿಸಲಿ. ಇಷ್ಟು ವರ್ಷ ಎಲ್ಲರನ್ನೂ ನಾನು ಟ್ರಿಪ್ ಕರ್ಕೊಂಡು ಹೋದೆ. ನನ್ನನ್ನು ಯಾರೂ ಕರ್ಕೊಂಡು ಹೋಗಿಲ್ಲ. ಪಕ್ಕದ ಸೀಟಲ್ಲಿ ಕೂತು ನೋಡ್ತೀನಿ."

ಆ ರಾತ್ರಿ ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಕ್ಯಾಮೆರಾ ಆಫ್ ಮಾಡಿಕೊಂಡಿದ್ದಳು. ಅವಳು ಬುಕ್ ಮಾಡಿದ ಕಾರಿನಲ್ಲಿ ಈಗ ಒಬ್ಬಳೇ ಚಾಲಕಿ.

ಪ್ರವಾಸದ ಪ್ಲಾನ್ ಅಂದರೆ ಊರುಗಳ ಪಟ್ಟಿ ಅಂತ ಶುರುಮಾಡಿದ್ದೆವು. ಮಾಡುತ್ತಾ ಹೋದಂತೆ ತಿಳಿದದ್ದು, ಯಾರ ಆಸೆಗೆ ಎಷ್ಟು ದಿನ ಕೊಡುವುದು ಅನ್ನುವುದೇ ಪ್ಲಾನ್. ಒಂದೇ ಮನೆಯಲ್ಲಿ ಇದ್ದುಕೊಂಡೇ ಅಪ್ಪನಿಗೆ ಏನು ಬೇಕು ಅಂತ ನಾವು ಈ ಮೊದಲು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಕೇಳುವುದಕ್ಕೆ ಒಂದು ನೆಪ ಬೇಕಿತ್ತು. ನಿಮ್ಮಲ್ಲಿ ಎಷ್ಟೋ ಜನರ ಅಣ್ಣ ಅಕ್ಕಂದಿರು ಹೊರದೇಶದಲ್ಲಿದ್ದಾರೆ. ಹೋಗುವುದು ಆಗಲಿ ಬಿಡಲಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದು ಹಾಳೆ ತೆಗೆದು ಕೇಳಿ ನೋಡಿ. ಮೇಳಪಾಳ್ಯದ ಜಾತ್ರೆಗೆ ಹೋಗುವ ಪ್ಲಾನ್ ಆದರೂ ಸರಿ.

ಇನ್ನು ಉಳಿದಿರುವ ಕೆಲಸ ವೀಸಾ. ಹೊರಡುವ ದಿನಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು ಕೊಡಲು ಚೆನ್ನೈಗೆ ಹೋಗಬೇಕು. ತಿಂಗಳ ಸಂಬಳ ಇಲ್ಲದ ಟ್ಯಾಕ್ಸಿ ಚಾಲಕನ ಸಂಪಾದನೆಯನ್ನು ಕಾಗದದಲ್ಲಿ ತೋರಿಸುವುದು ಸುಲಭ ಅಲ್ಲ. ಬ್ಯಾಂಕ್ ಪುಸ್ತಕ, ಗಾಡಿಯ ಪತ್ರ, ಮನೆಯ ಪತ್ರ, ಅಕ್ಕನ ಆಹ್ವಾನ ಪತ್ರ ಎಲ್ಲ ಒಂದು ಫೈಲಿನಲ್ಲಿ ಸೇರುತ್ತಿವೆ. ವೀಸಾ ಬರುವವರೆಗೆ ವಿಮಾನದ ಟಿಕೆಟ್ ತೆಗೆಯುವುದಿಲ್ಲ, ಕೋಣೆಗಳನ್ನೂ ಹಣ ಕಳೆದುಕೊಳ್ಳದೆ ರದ್ದು ಮಾಡಬಹುದಾದ ಕಡೆಯೇ ಹಿಡಿದಿದ್ದೇವೆ. ಸಿಗದೆ ಹೋದರೆ ಅನ್ನುವ ಮಾತನ್ನು ಅಮ್ಮ ಆಡಗೊಡುವುದಿಲ್ಲ. ಜಪಸರದ ಕೊನೆಗೆ ಈಗ ಆ ಫೈಲೂ ಒಂದು ಕೋರಿಕೆ. ನಿಮ್ಮ ಪ್ರಾರ್ಥನೆಯಲ್ಲೂ ಸೇರಿಸಿಕೊಳ್ಳಿ.

ಹಾಳೆಯಲ್ಲಿ ಮೊದಲ ಮೂರು ದಿನದ ಜಾಗ ಇನ್ನೂ ಖಾಲಿ ಇದೆ. ಅಲ್ಲಿ ಏನನ್ನೂ ಬರೆಯಲು ಅಮ್ಮ ಬಿಡುತ್ತಿಲ್ಲ.